ಫ್ಯಾಂಟಸಿ ಫುಟ್‌ಬಾಲ್ ಡ್ರಾಫ್ಟ್: ಮೊದ್ಲು ಕ್ವಾರ್ಟರ್‌ಬ್ಯಾಕಾ, ರನ್ನಿಂಗ್ ಬ್ಯಾಕಾ? ಪದೇ ಪದೇ ಕೇಳೋ ಪ್ರಶ್ನೆಗಳು

ಪ್ರತಿ ವರ್ಷ ಆಗಸ್ಟ್ ಕೊನೆ ಬಂತು ಅಂದ್ರೆ ನನ್ನ ವಾಟ್ಸಾಪ್‌ಗೆ ಒಂದೇ ಥರದ ಮೆಸೇಜ್ ಬರೋಕೆ ಶುರು ಆಗುತ್ತೆ. "ಆಫೀಸ್‌ನೋರು ಲೀಗ್‌ಗೆ ಎಳ್ಕೊಂಡ್ಬಿಟ್ರು ಗುರು, ನಾಳೆ ಡ್ರಾಫ್ಟಂತೆ, ಯಾರನ್ನ ತಗೊಳ್ಲಿ?" ಫ್ಯಾಂಟಸಿ ಫುಟ್‌ಬಾಲ್ ಅಂದ್ರೆ ಅಮೆರಿಕನ್ ಫುಟ್‌ಬಾಲ್‌ನ ನಿಜವಾದ ಆಟಗಾರರನ್ನ ಆರಿಸಿ ನಮ್ಮದೊಂದು ಟೀಮ್ ಕಟ್ಕೊಂಡು, ಅವರು ನಿಜ ಪಂದ್ಯದಲ್ಲಿ ಆಡಿದ್ದಕ್ಕೆ ಪಾಯಿಂಟ್ ಎಣಿಸೋ ಆಟ. ಸರದಿ ಪ್ರಕಾರ ಒಬ್ಬೊಬ್ಬನೇ ಆಟಗಾರನ್ನ ಆರಿಸೋದು (ಅದೇ ಪಿಕ್) ಡ್ರಾಫ್ಟ್, ಎಲ್ಲರದ್ದೂ ಒಂದೊಂದು ಸರದಿ ಆದ್ರೆ ಒಂದು ರೌಂಡ್. ಅಮೆರಿಕಕ್ಕೆ ಬಂದು ಎರಡ್ಮೂರು ವರ್ಷ ಆದ ನಮ್ಮೋರು ಹೆಚ್ಚುಕಮ್ಮಿ ಎಲ್ಲರೂ ಈ ಗುಂಡಿಗೆ ಬೀಳ್ತಾರೆ, ನಾನೂ ಹಾಗೇ ಬಿದ್ದೋನು. ಒಬ್ಬೊಬ್ರಿಗೂ ಅದೇ ಉತ್ತರ ಟೈಪ್ ಮಾಡಿ ಮಾಡಿ ಬೆರಳು ಸವೀತು, ಅದಕ್ಕೇ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ. ಓದಿ, ಆಮೇಲೂ ಡೌಟ್ ಇದ್ರೆ ಕೇಳಿ, ಡ್ರಾಫ್ಟ್ ನಡೀತಿರೋವಾಗ ಮಾತ್ರ ಫೋನ್ ಮಾಡ್ಬೇಡಿ ಯಾಕಂದ್ರೆ ಅದೇ ಟೈಮಲ್ಲಿ ನಂದೂ ನಡೀತಿರುತ್ತೆ.

ನಂಗೆ ಆಟಾನೇ ಸರಿಯಾಗಿ ಗೊತ್ತಿಲ್ಲ. ಕ್ವಾರ್ಟರ್‌ಬ್ಯಾಕ್ ಯಾರು, ರನ್ನಿಂಗ್ ಬ್ಯಾಕ್ ಯಾರು?

ಪ್ರತಿ ಸಲ ಚೆಂಡು ಹಿಂದಕ್ಕೆ ಬಂದಾಗ ಮೊದಲು ಹಿಡಿಯೋನು ಕ್ವಾರ್ಟರ್‌ಬ್ಯಾಕ್, ಇನ್ಮೇಲೆ ಕ್ಯೂಬಿ ಅಂತೀನಿ. ಅವನು ದೂರಕ್ಕೆ ಎಸೀತಾನೆ, ಇಲ್ಲಾ ಪಕ್ಕದಲ್ಲಿರೋನ ಹೊಟ್ಟೆಗೆ ಚೆಂಡು ತುರುಕ್ತಾನೆ, ಇಲ್ಲಾ ತಾನೇ ಓಡ್ತಾನೆ. ಹೊಟ್ಟೆಗೆ ತುರುಕಿಸ್ಕೊಂಡು ನೂರಿಪ್ಪತ್ತು ನೂರೈವತ್ತು ಕೆಜಿ ದಾಂಡಿಗರ ಸಂದಿಯಲ್ಲಿ ನುಗ್ಗೋನು ರನ್ನಿಂಗ್ ಬ್ಯಾಕ್, ಆರ್‌ಬಿ. ಕ್ಯೂಬಿ ಮೈ ಮುಟ್ಟಿದ್ರೆ ಸಾಕು ಫೌಲ್ ಅಂತ ರೆಫರಿಗಳು ಹಳದಿ ಬಟ್ಟೆ ಎಸೀತಾರೆ, ಆರ್‌ಬಿಗೆ ಆ ಭಾಗ್ಯ ಇಲ್ಲ, ಪಂದ್ಯಕ್ಕೆ ಇಪ್ಪತ್ತು ಸಲ ಹೊಡೆಸ್ಕೊಂಡು ಎದ್ದು ಬರ್ಬೇಕು. ನಮ್ಮ ಫಾಸ್ಟ್ ಬೌಲರ್‌ಗಳ ಬೆನ್ನು ಮೊಣಕಾಲಿನ ಕಥೆ ಗೊತ್ತಲ್ಲ, ಹಾಗೇ ಅಂದ್ಕೊಳ್ಳಿ, ಇನ್ನೂ ಕೆಟ್ಟದಾಗಿ.

ಡ್ರೀಮ್ ಇಲೆವೆನ್ ಥರಾನೇ ಅಲ್ವಾ?

ಅಲ್ಲ, ಇಲ್ಲೇ ಎಲ್ರೂ ಎಡವೋದು. ಅಲ್ಲಿ ಒಬ್ಬ ಆಟಗಾರನ್ನ ಲಕ್ಷ ಜನ ಬೇಕಾದ್ರೂ ತಮ್ಮ ಟೀಮಿಗೆ ಹಾಕ್ಕೋಬಹುದು. ಇಲ್ಲಿ ನಿಮ್ಮ ಲೀಗಲ್ಲಿ ಒಬ್ಬರು ತಗೊಂಡ್ರೆ ಮುಗೀತು, ಮಿಕ್ಕ ಹನ್ನೊಂದು ಜನ ಬಾಯಿ ಬಾಯಿ ಬಿಡ್ಬೇಕು, ಆ ವರ್ಷ ಪೂರ್ತಿ ಅವನು ಅವರದ್ದೇ. ಕ್ಯಾಪ್ಟನ್ನು ವೈಸ್ ಕ್ಯಾಪ್ಟನ್ನು ಡಬಲ್ ಪಾಯಿಂಟು ಅಂತೇನೂ ಇಲ್ಲ. ಹಾಗಾಗಿ "ಯಾರು ಜಾಸ್ತಿ ಪಾಯಿಂಟ್ ಹೊಡೀತಾರೆ" ಅನ್ನೋ ಪ್ರಶ್ನೆ ಒಂದೇ ಸಾಲಲ್ಲ, "ಇವನನ್ನ ಈಗ ಬಿಟ್ರೆ ಆಮೇಲೆ ಯಾರು ಸಿಗ್ತಾರೆ" ಅಂತಾನೂ ಕೇಳ್ಕೋಬೇಕು. ಈ ಎರಡನೇ ಪ್ರಶ್ನೆ ತಲೆಗೆ ಹತ್ತಿದ್ರೆ ಅರ್ಧ ಡ್ರಾಫ್ಟ್ ಗೆದ್ದಂಗೆ.

ಪಾಯಿಂಟ್ ಹೇಗೆ ಕೊಡ್ತಾರೆ?

ಸಾಮಾನ್ಯವಾಗಿ ಹೀಗೆ: ಎಸೆದ ಪ್ರತಿ 25 ಯಾರ್ಡ್‌ಗೆ ಒಂದು ಪಾಯಿಂಟು, ಎಸೆದ ಟಚ್‌ಡೌನ್‌ಗೆ (ಚೆಂಡನ್ನ ಎದುರಾಳಿಯ ಕೊನೇ ಗೆರೆ ದಾಟಿಸೋದು) 4. ಓಡಿದ ಇಲ್ಲಾ ಕ್ಯಾಚ್ ಹಿಡಿದು ಸಾಗಿದ ಪ್ರತಿ 10 ಯಾರ್ಡ್‌ಗೆ ಒಂದು, ಆ ಟಚ್‌ಡೌನ್‌ಗೆ 6. ಇಂಟರ್‌ಸೆಪ್ಷನ್ ಆದ್ರೆ, ಅಂದ್ರೆ ಎಸೆದ ಚೆಂಡು ಎದುರಾಳಿ ಕೈಗೆ ಸಿಕ್ಕಿದ್ರೆ, ಇಎಸ್‌ಪಿಎನ್‌ನಲ್ಲಿ ಮೈನಸ್ 2, ಯಾಹೂನಲ್ಲಿ ಮೈನಸ್ 1. ಪಿಪಿಆರ್ ಅಂದ್ರೆ ಪ್ರತಿ ಕ್ಯಾಚಿಗೂ ಒಂದು ಪಾಯಿಂಟು, ಹಾಫ್ ಪಿಪಿಆರ್ ಅಂದ್ರೆ ಅರ್ಧ. ಕಮಿಷನರ್‌ಗಳು (ಲೀಗ್ ನಡೆಸೋರು) ಅವರವರ ಖುಷಿಗೆ ಇದನ್ನೆಲ್ಲ ತಿರುಚಿಟ್ಟಿರ್ತಾರೆ, ಆದ್ದರಿಂದ ಆಟಗಾರರ ಲಿಸ್ಟ್ ನೋಡೋಕೆ ಮುಂಚೆ ಸೆಟ್ಟಿಂಗ್ಸ್ ಪೇಜ್ ನೋಡಿ, ಹತ್ತು ನಿಮಿಷ ಸಾಕು. ನಮ್ಮೋರು ಯಾರೂ ನೋಡಲ್ಲ.

ಕ್ಯೂಬಿಗಳೇ ಎಲ್ಲರಿಗಿಂತ ಜಾಸ್ತಿ ಪಾಯಿಂಟ್ ತರ್ತಾರಲ್ಲ, ಮತ್ತೆ ಯಾಕೆ ಮೊದಲ ರೌಂಡಲ್ಲಿ ತಗೋಬಾರ್ದು?

ಅತೀ ಜಾಸ್ತಿ ಬರೋ ಪ್ರಶ್ನೆ ಇದೇ, ಹಾಗಾಗಿ ಉತ್ತರಾನೂ ಉದ್ದ.

ಮದುವೆ ಊಟಕ್ಕೆ ಹೋಗಿದೀರಿ ಅಂದ್ಕೊಳ್ಳಿ. ಅನ್ನ ಸಾರು ಇಲ್ದೆ ಊಟ ಆಗಲ್ಲ, ಹೊಟ್ಟೆ ತುಂಬೋದೂ ಅದರಿಂದಾನೇ, ಆದ್ರೆ ಅನ್ನ ಸಾರಿಗೋಸ್ಕರ ಯಾರೂ ಮೊದಲ ಪಂಕ್ತೀಲಿ ಓಡಿ ಹೋಗಿ ಕೂರಲ್ಲ, ಮೂರನೇ ಪಂಕ್ತಿಗೂ ಅದು ಇದ್ದೇ ಇರುತ್ತೆ. ಓಡೋದು ಹೋಳಿಗೆಗೆ. ಕ್ಯೂಬಿ ಅನ್ನ ಸಾರು, ಒಳ್ಳೇ ಆರ್‌ಬಿ ಹೋಳಿಗೆ.

ಲೆಕ್ಕದಲ್ಲಿ ನೋಡಿ. ಎನ್‌ಎಫ್‌ಎಲ್‌ನಲ್ಲಿ (ನಿಜವಾದ ಲೀಗು) 32 ಟೀಮು, ಅಂದ್ರೆ 32 ಸ್ಟಾರ್ಟಿಂಗ್ ಕ್ಯೂಬಿಗಳು. ನಿಮ್ಮ ಲೀಗಲ್ಲಿ 12 ಜನ, ಒಬ್ಬೊಬ್ಬರಿಗೆ ಬೇಕಾಗಿರೋದು ಒಬ್ಬನೇ ಕ್ಯೂಬಿ. ಕೆಲವರು ಬೆಂಚಿಗೆ ಇನ್ನೊಬ್ಬನ್ನ ಇಟ್ಕೊಂಡ್ರೂ ಹತ್ತು ಹದಿನೈದು ಜನ ಬೀದೀಲೇ ಇರ್ತಾರೆ, ಭಾನುವಾರ ಬೆಳಗ್ಗೆ ಕೂಡ ಪುಕ್ಕಟೆ ಎತ್ಕೋಬಹುದು. ಆರ್‌ಬಿ ಕಡೆ ಬನ್ನಿ. ಒಬ್ಬೊಬ್ಬರಿಗೂ ಇಬ್ಬರು ಬೇಕು, ಫ್ಲೆಕ್ಸ್ ಸ್ಲಾಟ್‌ಗೆ (ಆರ್‌ಬಿನೋ ಕ್ಯಾಚ್ ಹಿಡಿಯೋ ರಿಸೀವರನ್ನೋ ಹಾಕ್ಬಹುದಾದ ಜಾಗ) ಇನ್ನೊಬ್ಬ, ಬೆಂಚಲ್ಲಿ ಎರಡ್ಮೂರು ಜನ, ಅಂದ್ರೆ ಲೀಗಿಗೆಲ್ಲಾ ಸೇರಿ ಅರವತ್ತರ ಹತ್ತಿರ. ಈಗ ಬಹಳ ಟೀಮ್‌ಗಳು ಕೆಲಸಾನ ಇಬ್ಬರು ಮೂವರಿಗೆ ಹಂಚಿಬಿಡ್ತವೆ, ಒಬ್ಬನೇ ಪೂರ್ತಿ ಭಾರ ಹೊರೋ ಆರ್‌ಬಿಗಳು ಕೈಬೆರಳಲ್ಲಿ ಎಣಿಸೋಷ್ಟು. ಅವರು ಹೋದ್ಮೇಲೆ ಹೋದ್ರು.

2024ರ ಸೀಸನ್ ತಗೊಳ್ಳಿ, ಅಂಕಿ ಹಿಡ್ಕೊಂಡು ನಾನೇ ಕೂತು ಕೂಡಿಸಿದ್ದು, ಫಂಬಲ್ (ಕೈಯಿಂದ ಚೆಂಡು ಜಾರಿಸೋದು) ಲೆಕ್ಕ ಬಿಟ್ಟು. ಬಫಲೋದ ಜಾಶ್ ಆಲೆನ್ ಆ ವರ್ಷ ಎಂವಿಪಿ (ಲೀಗಿನ ಅತ್ಯುತ್ತಮ ಆಟಗಾರ), ಡ್ರಾಫ್ಟಲ್ಲಿ ಎಲ್ಲರಿಗಿಂತ ಮೊದಲು ಹೋಗ್ತಿದ್ದ ಕ್ಯೂಬಿಗಳಲ್ಲಿ ಒಬ್ಬ. 3731 ಯಾರ್ಡ್ ಎಸೆದ, 28 ಟಚ್‌ಡೌನ್ ಎಸೆದ, 12 ಓಡಿ ಹೊಡೆದ, ಸುಮಾರು 381 ಪಾಯಿಂಟ್. ಟ್ಯಾಂಪಾ ಬೇಯ ಬೇಕರ್ ಮೇಫೀಲ್ಡ್ ಬಹಳ ಲೀಗಲ್ಲಿ ಹತ್ತನೇ ರೌಂಡ್ ದಾಟಿದ ಮೇಲೂ ಸಿಗ್ತಿದ್ದ, ಅವನು 4500 ಯಾರ್ಡ್, 41 ಟಚ್‌ಡೌನ್, 16 ಇಂಟರ್‌ಸೆಪ್ಷನ್ ಕಳೆದು ಸುಮಾರು 368. ವ್ಯತ್ಯಾಸ 13. ಇಡೀ ಸೀಸನ್‌ಗೆ ಹದಿಮೂರು, ಅಂದ್ರೆ ವಾರಕ್ಕೆ ಒಂದು ಪಾಯಿಂಟೂ ಇಲ್ಲ. ಇದಕ್ಕೋಸ್ಕರ ಎಂಟ್ಹತ್ತು ರೌಂಡ್ ಮುಂಚೆ ಬಿಲ್ ಕಟ್ಟಿದ್ರಿ.

ಅದೇ ವರ್ಷ ಪಿಪಿಆರ್‌ನಲ್ಲಿ ಡೆಟ್ರಾಯಿಟ್‌ನ ಜಾಮೀರ್ ಗಿಬ್ಸ್ ಸುಮಾರು 365. ಟೆನೆಸೀಯ ಟೋನಿ ಪೊಲಾರ್ಡ್ ಏನು ಕೆಟ್ಟ ಆಟಗಾರನಲ್ಲ, ಸಾವಿರದ ಮೇಲೆ ಯಾರ್ಡ್ ಓಡಿದ್ದ, ಆದ್ರೂ ಸುಮಾರು 200. ಇಲ್ಲಿ ವ್ಯತ್ಯಾಸ 160 ದಾಟ್ತು.

ತಡೀರಿ, ನಿಮಗೆ ಬೇಕಾದ ಕ್ಯೂಬಿಗಳನ್ನ ಆರಿಸ್ಕೊಂಡು ಲೆಕ್ಕ ತೋರಿಸ್ತಿದೀರಿ.

ಸಿಕ್ಕಿಬಿದ್ದೆ, ಒಪ್ಕೊಂಡೆ. ಅದೇ 2024ರಲ್ಲಿ ಲಮಾರ್ ಜಾಕ್ಸನ್ 4172 ಯಾರ್ಡ್ ಎಸೆದು, 41 ಟಚ್‌ಡೌನ್ ಎಸೆದು, ಬರೀ 4 ಇಂಟರ್‌ಸೆಪ್ಷನ್ ಕೊಟ್ಟು, ಮೇಲಿಂದ 915 ಯಾರ್ಡ್ ಓಡಿದ, ಸುಮಾರು 438. ಅರಿಜೋನಾದ ಕೈಲರ್ ಮರ್ರೆ 300ರ ಹತ್ತಿರ. ಇಲ್ಲೂ 130ರ ಮೇಲೆ ಗ್ಯಾಪ್ ಇದೆ, ಅದು ಸಣ್ಣದಲ್ಲ. ಹಾಗಾಗಿ "ಕ್ಯೂಬಿಗಳೆಲ್ಲ ಒಂದೇ, ಯಾರಾದ್ರೇನು" ಅನ್ನೋರ ಮಾತು ಕೇಳ್ಬೇಡಿ.

ಆದ್ರೆ ನೋಡಿ, ಮರ್ರೆ ಕೈಕೊಟ್ಟ ಅಂದ್ರೆ ಅಕ್ಟೋಬರ್‌ನಲ್ಲಿ ಅವನನ್ನ ಕಿತ್ತು ಮೇಫೀಲ್ಡ್‌ನ ಹಾಕ್ಕೋಬಹುದಿತ್ತು, ವಾಷಿಂಗ್ಟನ್‌ನಲ್ಲಿ ಜೇಡನ್ ಡೇನಿಯಲ್ಸ್ ಅನ್ನೋ ಹೊಸ ಹುಡುಗ ಮೊದಲ ವರ್ಷವೇ 891 ಯಾರ್ಡ್ ಓಡಿದ, ಅವನೂ ಮೊದಲ ರೌಂಡುಗಳ ಸರಕಲ್ಲ. ಕ್ಯೂಬಿ ಜಾಗದಲ್ಲಿ ಆದ ತಪ್ಪನ್ನ ಸೀಸನ್ ಮಧ್ಯೆ ತಿದ್ದಬಹುದು. ಆರ್‌ಬಿ ಜಾಗದಲ್ಲಿ ತಪ್ಪು ಮಾಡಿದ್ರೆ ತಿದ್ದೋಕೆ ಅಂಗಡೀಲಿ ಸಾಮಾನೇ ಇರಲ್ಲ, ಯಾರದ್ದೋ ಮೊಣಕಾಲು ಮುರೀಲಿ ಅಂತ ಕಾಯ್ತಾ ಕೂರ್ಬೇಕು, ಪಾಪದ ಕೆಲಸ.

ಮತ್ತೆ ಲಮಾರ್, ಆಲೆನ್ ಥರದೋರನ್ನ ಯಾವ ರೌಂಡಲ್ಲಿ ತಗೊಳ್ಳೋದು?

ಓಡೋ ಕ್ಯೂಬಿ ಬೇರೆ ಜಾತಿ. ಲಮಾರ್‌ನ 2019 ನೋಡಿ, 1206 ಯಾರ್ಡ್ ಓಡಿದ, 7 ಟಚ್‌ಡೌನ್ ಓಡಿ ಹೊಡೆದ. ಬರೀ ಓಟದಿಂದಲೇ 162 ಪಾಯಿಂಟ್! ಕ್ಯೂಬಿ ಸ್ಲಾಟಲ್ಲಿ ಕ್ಯೂಬಿನೂ ಕೂತಿದಾನೆ, ಅವನ ತೊಡೆ ಮೇಲೆ ಒಬ್ಬ ಆರ್‌ಬಿನೂ ಕೂತಿದಾನೆ ಅಂದಂಗೆ. ಫಿಲಡೆಲ್ಫಿಯಾದ ಜೇಲನ್ ಹರ್ಟ್ಸ್ 2023ರಲ್ಲಿ 15 ಟಚ್‌ಡೌನ್ ಓಡಿ ಹೊಡೆದಿದ್ದು, ಅದರಲ್ಲಿ ಹೆಚ್ಚಿನವು ಗೆರೆ ಹತ್ರ ಹಿಂದಿಂದ ಎಲ್ಲರೂ ಸೇರಿ ತಳ್ಳೋ ಆ ಟಷ್ ಪುಷ್. ಕೆಟ್ಟೋದ ಬಸ್ಸನ್ನ ಜನ ಇಳಿದು ನೂಕೋ ಥರಾನೇ ಇರುತ್ತೆ ನೋಡೋಕೆ. ಎಸೆದ ಟಚ್‌ಡೌನ್‌ಗೆ 4, ಓಡಿದ್ದಕ್ಕೆ 6, ಆ ಎರಡು ಪಾಯಿಂಟಿನ ವ್ಯತ್ಯಾಸದಲ್ಲೇ ಎಲ್ಲಾ ಇರೋದು.

ನನ್ನ ಪಾಲಿಸಿ: ಇಂಥೋರು ಮೂರನೇ ರೌಂಡ್ ಕೊನೆಗೋ ನಾಲ್ಕಕ್ಕೋ ಉಳಿದಿದ್ರೆ, ಅಷ್ಟರಲ್ಲಿ ನಿಮ್ಮ ಹತ್ರ ಒಬ್ಬನಾದ್ರೂ ಗಟ್ಟಿ ಆರ್‌ಬಿ ಇದ್ರೆ, ತಗೊಳ್ಳಿ, ತಪ್ಪೇನಿಲ್ಲ. ಮೊದಲ ಎರಡು ರೌಂಡಲ್ಲಿ ಮಾತ್ರ ಬೇಡ. ನಾಲ್ಕು ಮುಗಿದ್ಮೇಲೆ ಅಂಥೋರು ಯಾರೂ ಇಲ್ಲ ಅಂದ್ರೆ ಗಾಬರಿ ಬೀಳದೆ ಒಂಬತ್ತು ಹತ್ತನೇ ರೌಂಡ್‌ವರೆಗೂ ಕಾಯಿರಿ. ಮಧ್ಯದ ರೌಂಡುಗಳಲ್ಲಿ ಹೋಗೋ, ಹೆಸರಿದ್ದು ಓಟ ಇಲ್ಲದ ಕ್ಯೂಬಿಗಳು ಅತ್ತ ದರಿ ಇತ್ತ ಪುಲಿ, ದುಡ್ಡೂ ಹೋಗುತ್ತೆ ಪಾಯಿಂಟೂ ಬರಲ್ಲ.

ನೀವೇನಾದ್ರೂ ಈ ತಪ್ಪು ಮಾಡಿದ್ರಾ, ಇಲ್ಲಾ ಬರೀ ಉಪದೇಶನಾ?

ಮಾಡಿದೀನಿ ಸ್ವಾಮಿ. 2019, ನನ್ನ ಮೊದಲ ಲೀಗು. ಆ ವರ್ಷ ಗಣೇಶನ ಹಬ್ಬ ಸೆಪ್ಟೆಂಬರ್ 2ಕ್ಕೆ ಬಂದಿತ್ತು, ಅವತ್ತೇ ಇಲ್ಲಿ ಲೇಬರ್ ಡೇ, ಅವತ್ತೇ ಸಂಜೆ ಡ್ರಾಫ್ಟು. ಮನೇಲಿ ಬೆಳಗ್ಗಿಂದ ಪೂಜೆ, ನಾಲ್ಕು ಮನೆಯೋರು ಊಟಕ್ಕೆ ಬಂದಿದ್ರು, ಸಂಜೆ ಇನ್ನೊಂದು ಬ್ಯಾಚ್ ಕಡುಬು ಕರಿಯೋ ಡ್ಯೂಟಿ ನಂದು. ಲ್ಯಾಪ್‌ಟಾಪ್‌ನ ಮೈಕ್ರೋವೇವ್ ಮೇಲೆ ಇಟ್ಕೊಂಡಿದೀನಿ, ಒಂದು ಕೈಲಿ ಜಾಲರಿ ಸೌಟು, ಇನ್ನೊಂದು ಕೈ ಮೌಸ್ ಮೇಲೆ, ಮೌಸಿಗೆಲ್ಲಾ ಎಣ್ಣೆ. ನನ್ನ ಸ್ಲಾಟ್ ಹತ್ತನೇದು, ಮೊದಲ ಪಿಕ್ ಹೇಗೋ ಆಯ್ತು, ಎರಡನೇ ರೌಂಡಲ್ಲಿ 15ನೇ ಪಿಕ್. ತೊಂಬತ್ತು ಸೆಕೆಂಡ್ ಗಡಿಯಾರ ಇಳೀತಿದೆ, ಎಣ್ಣೇಲಿ ಒಂದು ಕಡುಬು ಬಾಯ್ಬಿಟ್ಟು ಹೂರಣ ಎಲ್ಲಾ ಸಿಡೀತಿದೆ, ಆ ಕಡೆಯಿಂದ "ರೀ, ಸ್ಟೋವ್ ಸಣ್ಣ ಮಾಡ್ರೀ" ಅಂತ ಕೂಗು. ಸ್ಕ್ರೀನಲ್ಲಿ ನಿಕ್ ಚಬ್ ಹೆಸರು ಕಾಣಿಸ್ತು, ಯಾರೋ ಗೊತ್ತಿಲ್ಲ. ಅದರ ಕೆಳಗೆ ಕ್ಯೂಬಿ ಪ್ಯಾಟ್ರಿಕ್ ಮಹೋಮ್ಸ್. ಹಿಂದಿನ ವರ್ಷ 50 ಟಚ್‌ಡೌನ್, 5097 ಯಾರ್ಡ್, ಅವನ ಜಾಹೀರಾತು ನೋಡಿದ್ದೆ, ಅಷ್ಟು ಸಾಕಾಯ್ತು, ಒತ್ತಿಬಿಟ್ಟೆ. ಚಾಟಲ್ಲಿ ಯಾರೂ ಬೈಲಿಲ್ಲ, ಎಲ್ಲರೂ ಬರೀ "ಗುಡ್ ಪಿಕ್" ಅಂತ ಹಾಕಿದ್ರು, ಆಗ್ಲೇ ನಂಗೆ ಡೌಟ್ ಬರ್ಬೇಕಿತ್ತು.

ಅಕ್ಟೋಬರಲ್ಲಿ ಡೆನ್ವರ್ ಮೇಲೆ ಆಡೋವಾಗ ಮಹೋಮ್ಸ್‌ಗೆ ಮಂಡಿಚಿಪ್ಪು ಜಾರಿ ಎರಡು ಪಂದ್ಯ ಹೋಯ್ತು, ವರ್ಷದ ಕೊನೆಗೆ 26 ಟಚ್‌ಡೌನ್. ಕೆಟ್ಟದ್ದೇನಲ್ಲ, ಆದ್ರೆ 15ನೇ ಪಿಕ್‌ಗೆ ತಕ್ಕದ್ದೂ ಅಲ್ಲ. ನಾನು ಬಿಟ್ಟ ಆರ್‌ಬಿ ಚಬ್ 1494 ಯಾರ್ಡ್ ಓಡಿದ. ನಮ್ಮ ಲೀಗಿನ ಒಬ್ಬ ಹಿರಿಯ ಸಹೋದ್ಯೋಗಿ, ಇಪ್ಪತ್ತು ವರ್ಷದಿಂದ ಆಡ್ತಿರೋ ಮನುಷ್ಯ, ಹತ್ತನೇ ರೌಂಡಲ್ಲಿ ಸದ್ದಿಲ್ಲದೆ ಒಬ್ಬ ಕ್ಯೂಬಿನ ತಗೊಂಡಿದ್ರು. ಲಮಾರ್ ಜಾಕ್ಸನ್. ಆ ವರ್ಷದ ಎಂವಿಪಿ ಅವನೇ, ಒಂದು ಓಟೂ ಬೇರೆಯವರಿಗೆ ಬೀಳಲಿಲ್ಲ. ನಾನು ಲೀಗಲ್ಲಿ ಹನ್ನೊಂದನೇ ಸ್ಥಾನ. ಹನ್ನೆರಡನೆಯವರು ಅಕ್ಟೋಬರ್‌ಗೇ ಆಡೋದು ಬಿಟ್ಟಿದ್ರು.

ಗಮನಿಸಿದ್ರಾ, 2018ರ ಡ್ರಾಫ್ಟಲ್ಲಿ ಮಹೋಮ್ಸ್ ಕೂಡ ಕೊನೇ ರೌಂಡುಗಳ ಹುಡುಗನೇ ಆಗಿದ್ದ. ಹೋದ ವರ್ಷದ ಹೀರೋಗೆ ಈ ವರ್ಷ ದುಬಾರಿ ಬೆಲೆ ಕೊಡೋದು, ಮುಂದಿನ ಹೀರೋ ಕೆಳಗೆಲ್ಲೋ ಪುಕ್ಕಟೆ ಬಿದ್ದಿರೋದು, ಕ್ಯೂಬಿ ವಿಷಯದಲ್ಲಿ ಪದೇ ಪದೇ ಆಗುತ್ತೆ.

ಆರ್‌ಬಿಗಳಿಗೆ ಗಾಯ ಜಾಸ್ತಿ ಅಂತಾರೆ. ಮೊದಲ ಪಿಕ್ ಕೊಟ್ಟು ತಗೊಂಡು ಅವನು ಮೂಲೆ ಸೇರಿದ್ರೆ?

ಸೇರ್ತಾನೆ. ಅದರಲ್ಲಿ ಸುಳ್ಳು ಹೇಳಲ್ಲ. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ರಿಶ್ಚಿಯನ್ ಮಕ್ಯಾಫ್ರಿ 21 ಟಚ್‌ಡೌನ್ ಹೊಡೆದು ಅದೆಷ್ಟೋ ಲೀಗ್ ಗೆಲ್ಲಿಸಿಕೊಟ್ಟ, 2024ರಲ್ಲಿ ಹೆಚ್ಚುಕಮ್ಮಿ ಎಲ್ಲಾ ಕಡೆ ಅವನೇ ನಂಬರ್ ಒಂದು. ಸೆಪ್ಟೆಂಬರ್ 9, ಸೋಮವಾರ ರಾತ್ರಿ ಮೊದಲ ಪಂದ್ಯ, ಪಂದ್ಯಕ್ಕೆ ಮುಂಚೆ ಸುದ್ದಿ ಬಂತು, ಮಕ್ಯಾಫ್ರಿ ಆಡಲ್ಲ. ಭಾನುವಾರದ ಪಂದ್ಯಗಳೆಲ್ಲ ಮುಗಿದುಹೋಗಿವೆ, ಬದಲಿಗೆ ಹಾಕೋಕೆ ಬೆಂಚಲ್ಲಿ ಯಾರೂ ಉಳಿದಿಲ್ಲ, ಜನ ಎಷ್ಟು ಶಾಪ ಹಾಕಿದಾರೋ. ಇಡೀ ಸೀಸನ್ ಅವನು ಆಡಿದ್ದು ನಾಲ್ಕು ಪಂದ್ಯ. ಅವನದ್ದೇ 2020 ಬರೀ ಮೂರು. 2017ರಲ್ಲಿ ಡೇವಿಡ್ ಜಾನ್ಸನ್ ಮೊದಲ ಪಂದ್ಯದಲ್ಲೇ ಮಣಿಕಟ್ಟು ಕಳ್ಕೊಂಡ. 2018ರಲ್ಲಿ ಲೆವಿಯಾನ್ ಬೆಲ್‌ಗೆ ಗಾಯಾನೂ ಇಲ್ಲ ಏನೂ ಇಲ್ಲ, ಕಾಂಟ್ರಾಕ್ಟ್ ಜಗಳದಲ್ಲಿ ವರ್ಷ ಪೂರ್ತಿ ಬರಲೇ ಇಲ್ಲ.

ಹಾಗಂತ ಕ್ಯೂಬಿಗಳು ಗಾಜಿನ ಪೆಟ್ಟಿಗೇಲಿ ಇರ್ತಾರಾ? 2023ರಲ್ಲಿ ಜೆಟ್ಸ್‌ಗೆ ಹೊಸದಾಗಿ ಬಂದ ಆರನ್ ರಾಜರ್ಸ್ ನಾಲ್ಕೇ ನಾಲ್ಕು ಸ್ನ್ಯಾಪ್‌ಗೆ (ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರು ಮಾಡೋದು) ಹಿಮ್ಮಡಿ ನರ ಕಿತ್ಕೊಂಡು ಕೂತ. ವ್ಯತ್ಯಾಸ ಏನಂದ್ರೆ ರಾಜರ್ಸ್ ಹೋದ್ರೆ ಇನ್ನೊಂದು ಟೀಮಿನ ಕ್ಯೂಬಿ ಮಾರನೇ ದಿನ ಸಿಗ್ತಾನೆ.

ಅದಕ್ಕೆ ಪರಿಹಾರ?

ಹ್ಯಾಂಡ್‌ಕಫ್ ಅಂತಾರೆ, ನಿಮ್ಮ ದೊಡ್ಡ ಆರ್‌ಬಿಯ ಹಿಂದೆ ಅದೇ ಟೀಮಲ್ಲಿ ಕಾಯ್ತಾ ಕೂತಿರೋನ್ನ ಕೊನೇ ರೌಂಡುಗಳಲ್ಲಿ ತಗೊಂಡಿಡೋದು. ಮಕ್ಯಾಫ್ರಿ ಇಲ್ಲದ ಆ ಸೋಮವಾರ ಜಾರ್ಡನ್ ಮೇಸನ್ ಅನ್ನೋನು 28 ಸಲ ಚೆಂಡು ಹೊತ್ತು 147 ಯಾರ್ಡ್ ಓಡಿದ. ಪಂದ್ಯ ಆದ್ಮೇಲೆ ಮೈಕ್ ಮುಂದೆ "ನಂಗೆ ಶುಕ್ರವಾರಾನೇ ಹೇಳಿದ್ರು" ಅನ್ನೋ ಅರ್ಥದಲ್ಲಿ ಬಾಯ್ಬಿಟ್ಟ, ನಾವೆಲ್ಲ ಶನಿವಾರ ಭಾನುವಾರ ಮಕ್ಯಾಫ್ರಿ ಆಡ್ತಾನೆ ಅಂತ ದೇವರಿಗೆ ಕೈ ಮುಗೀತಾ ಕೂತಿದ್ವಿ. ಬೆಲ್ ಬರದೇ ಇದ್ದ ವರ್ಷ ಜೇಮ್ಸ್ ಕಾನರ್ 13 ಪಂದ್ಯದಲ್ಲಿ 12 ಟಚ್‌ಡೌನ್ ಓಡಿ ಹೊಡೆದ. ಎಲ್ಲಾ ಆರ್‌ಬಿಗೂ ಹೀಗೆ ಒಬ್ಬ ಬದಲಿ ಸಿದ್ಧ ಇರ್ತಾನೆ ಅಂತಿಲ್ಲ, ಎಷ್ಟೋ ಕಡೆ ಮೇಲಿನೋನು ಬಿದ್ರೆ ಕೆಲಸ ಮೂರು ಜನಕ್ಕೆ ಚೂರು ಚೂರಾಗಿ ಹೋಗುತ್ತೆ. ಯಾರ ಹಿಂದೆ ಒಬ್ಬನೇ ಇದಾನೋ ಅಂಥವನನ್ನ ಹಿಡಿದಿಟ್ಕೊಳ್ಳಿ.

ಸೂಪರ್‌ಫ್ಲೆಕ್ಸ್ ಲೀಗ್ ಅಂತಿದಾರೆ, ಅದರಲ್ಲೂ ಇದೇನಾ?

ಇಲ್ಲ ಇಲ್ಲ ಇಲ್ಲ. ಈವರೆಗೆ ಹೇಳಿದ್ದನ್ನೆಲ್ಲ ತಲೆಕೆಳಗು ಮಾಡಿ. ಸೂಪರ್‌ಫ್ಲೆಕ್ಸ್‌ನಲ್ಲಿ ಎರಡನೇ ಕ್ಯೂಬಿನೂ ಆಡಿಸಬಹುದು, ಎಲ್ಲರೂ ಆಡಿಸ್ತಾರೆ. 12 ಜನ ಇಬ್ಬಿಬ್ಬರು ಅಂದ್ರೆ 24, ಬೈ ವಾರಕ್ಕೆ (ಟೀಮಿಗೆ ಪಂದ್ಯ ಇಲ್ಲದ ವಾರ) ಮೂರನೆಯವನು ಬೇಕು ಅಂದ್ರೆ 36, ಇರೋದೇ 32. ಅನ್ನ ಸಾರೇ ಖಾಲಿ ಆಗೋ ಮದುವೆ ಇದು. ಮೊದಲ ರೌಂಡಲ್ಲೇ ಐದಾರು ಕ್ಯೂಬಿ ಹೋಗ್ತಾರೆ, ನೀವೂ ಮೊದಲ ಮೂರು ರೌಂಡಲ್ಲಿ ಒಬ್ಬನನ್ನಾದ್ರೂ ಹಿಡೀಲೇಬೇಕು, ಇಬ್ಬರಾದ್ರೂ ಜಾಸ್ತಿ ಏನಲ್ಲ. ಸೆಟ್ಟಿಂಗ್ಸ್ ಪೇಜ್ ನೋಡಿ ಅಂದಿದ್ದು ಇದಕ್ಕೇ. ಒಬ್ಬ ಸ್ನೇಹಿತ ನನ್ನ ಮಾತು ನಂಬಿ ಸೂಪರ್‌ಫ್ಲೆಕ್ಸ್‌ನಲ್ಲಿ ಎಂಟನೇ ರೌಂಡ್‌ವರೆಗೂ ಕಾದ, ಅವನಿಗೆ ಸಿಕ್ಕಿದ್ದು ಯಾವಾಗ ಕೆಲಸ ಕಳ್ಕೊಳ್ತಾರೋ ಗೊತ್ತಿಲ್ಲದ ಇಬ್ಬರು, ನವೆಂಬರ್ ಹೊತ್ತಿಗೆ ಇಬ್ಬರೂ ಬೆಂಚು. ಈಗಲೂ ಸಿಕ್ಕಾಗೆಲ್ಲ ಅದನ್ನೇ ಎತ್ತಾಡ್ತಾನೆ.

ನಮ್ಮ ಲೀಗಲ್ಲಿ ಎಸೆದ ಟಚ್‌ಡೌನ್‌ಗೂ 6 ಪಾಯಿಂಟ್. ಹಾಗಾದ್ರೆ ಕ್ಯೂಬಿ ಮೊದಲು ತಗೋಬೇಕಲ್ವಾ?

ಎಲ್ಲರೂ ಹಾಗೇ ಅಂದ್ಕೊಳ್ತಾರೆ. ಆದ್ರೆ 6 ಪಾಯಿಂಟ್ ಸಿಗೋದು ನಿಮ್ಮ ಕ್ಯೂಬಿಗೆ ಮಾತ್ರ ಅಲ್ಲ, ಎದುರಾಳಿ ಕ್ಯೂಬಿಗೂ ಸಿಗುತ್ತೆ. ನಿಂತಲ್ಲೇ ನಿಂತು ಎಸೆಯೋರಿಗೆ ಇದರಿಂದ ಲಾಭ ಜಾಸ್ತಿ. ಮೇಲಿನ ಲೆಕ್ಕಾನೇ ತಗೊಳ್ಳಿ, ಮೇಫೀಲ್ಡ್‌ಗೆ 82 ಪಾಯಿಂಟ್ ಕೂಡುತ್ತೆ, ಆಲೆನ್‌ಗೆ 56 ಮಾತ್ರ, ಪುಕ್ಕಟೆ ಸಿಕ್ಕೋನು ಎಂವಿಪಿನ ದಾಟಿ ಹೋದ. ಓಡೋ ಕ್ಯೂಬಿಗಳ ಅಡ್ವಾಂಟೇಜ್ ಇಲ್ಲಿ ಸ್ವಲ್ಪ ಕಮ್ಮಿ ಆಗುತ್ತೆ ಅಷ್ಟೇ, ಅವಸರ ಮಾಡೋ ಕಾರಣ ಅಲ್ಲ.

ಪಿಪಿಆರ್ ಇದ್ರೆ ಆರ್‌ಬಿ ಆಯ್ಕೆ ಬದಲಾಗುತ್ತಾ?

ಬಹಳ. ಮಕ್ಯಾಫ್ರಿ 2019ರಲ್ಲಿ ಕ್ಯಾರೊಲಿನಾಗೆ ಆಡೋವಾಗ 1387 ಯಾರ್ಡ್ ಓಡಿ, 116 ಕ್ಯಾಚ್ ಹಿಡಿದು ಅದರಲ್ಲೂ 1005 ಯಾರ್ಡ್ ಮಾಡಿದ, 19 ಟಚ್‌ಡೌನ್. ಕ್ಯಾಚಿಗೆ ಪಾಯಿಂಟ್ ಇಲ್ಲದ ಲೀಗಲ್ಲಿ 353, ಪಿಪಿಆರ್‌ನಲ್ಲಿ 469, ಆ ವರ್ಷದ ಲಮಾರ್‌ನೂ ಮೀರಿ. ಡೆರಿಕ್ ಹೆನ್ರಿ ಥರದ ಬುಲ್ಡೋಜರ್‌ಗಳು 2020ರಲ್ಲಿ 2027 ಯಾರ್ಡ್ ಓಡಿದ್ರೂ ಕ್ಯಾಚ್ ಕಮ್ಮಿ, ಅಂಥೋರಿಗೆ ಪಿಪಿಆರ್‌ನಲ್ಲಿ ಒಂದು ಮೆಟ್ಟಿಲು ಕೆಳಗಿನ ಬೆಲೆ. ಹಾಫ್ ಪಿಪಿಆರ್ ಆದ್ರೆ ಅರ್ಧ ಮೆಟ್ಟಿಲು. ಮೂರನೇ ಡೌನಲ್ಲಿ (ಹತ್ತು ಯಾರ್ಡ್ ಸಾಗೋಕೆ ಸಿಗೋ ನಾಲ್ಕು ಪ್ರಯತ್ನದಲ್ಲಿ ಮೂರನೇದು) ಯಾರನ್ನ ಮೈದಾನದಿಂದ ಹೊರಗೆ ಕರೀತಾರೆ ಅಂತ ನೋಡಿ, ಕ್ಯಾಚ್ ಹಿಡಿಯೋ ಆರ್‌ಬಿ ಯಾರು ಅಂತ ಅಲ್ಲೇ ಗೊತ್ತಾಗುತ್ತೆ.

ಝೀರೋ ಆರ್‌ಬಿ ಅಂತ ಯಾರೋ ಹೇಳಿದ್ರು.

ಮೊದಲ ನಾಲ್ಕೈದು ರೌಂಡ್ ಒಬ್ಬ ಆರ್‌ಬಿನೂ ಮುಟ್ಟದೆ ಬರೀ ರಿಸೀವರ್‌ಗಳನ್ನ ಪೇರಿಸಿ, ಆಮೇಲೆ ಸಿಕ್ಕ ಸಿಕ್ಕ ಆರ್‌ಬಿಗಳನ್ನ ರಾಶಿ ಹಾಕ್ಕೊಂಡು ಬೇರೆಯೋರ ಆರ್‌ಬಿಗಳು ಉದುರೋವರೆಗೆ ಕಾಯೋ ವಿದ್ಯೆ. ಹುಚ್ಚಾಟ ಅಲ್ಲ, ಪಿಪಿಆರ್‌ನಲ್ಲಿ ಅದಕ್ಕೆ ಅರ್ಥ ಇದೆ, 2024ರಲ್ಲಿ ಸಿನ್ಸಿನಾಟಿಯ ಜಮಾರ್ ಚೇಸ್ 127 ಕ್ಯಾಚ್, 1708 ಯಾರ್ಡ್, 17 ಟಚ್‌ಡೌನ್, ಹತ್ತಿರ ಹತ್ತಿರ 400 ಪಾಯಿಂಟ್, ಯಾವ ಆರ್‌ಬಿಗೂ ಕಮ್ಮಿ ಇಲ್ಲ. ನೀವು ಕ್ಯೂಬಿನಾ ಆರ್‌ಬಿನಾ ಅಂತ ಕಿತ್ತಾಡೋವಾಗ ಮೂರನೆಯವರು ರಿಸೀವರ್ ತಗೊಂಡು ಹೋಗಿರ್ತಾರೆ, ಅದೂ ನೆನಪಿರ್ಲಿ. ಆದ್ರೆ ಝೀರೋ ಆರ್‌ಬಿಗೆ ಪ್ರತಿ ಮಂಗಳವಾರ ರಾತ್ರಿ ಕೂತು ವೇವರ್ (ಯಾರ ಟೀಮಲ್ಲೂ ಇಲ್ಲದ ಆಟಗಾರರ ಪಟ್ಟಿ) ಹುಡುಕೋ ತಾಳ್ಮೆ ಬೇಕು. ಮೊದಲ ವರ್ಷದೋರಿಗೆ ನಾನು ಹೇಳೋದು, ಮೊದಲ ಎರಡು ಪಿಕ್‌ನಲ್ಲಿ ಒಬ್ಬ ಆರ್‌ಬಿ ಒಬ್ಬ ರಿಸೀವರ್, ಆಮೇಲೆ ಬೇಕಾದ್ದು ಮಾಡಿ.

ಸ್ಟ್ರೀಮಿಂಗ್ ಅಂದ್ರೇನು?

ಒಬ್ಬನೇ ಕ್ಯೂಬಿನ ಕಟ್ಕೊಳ್ಳದೆ ವಾರ ವಾರ ಯಾರಿಗೆ ಸೋತು ಸುಣ್ಣ ಆಗಿರೋ ಡಿಫೆನ್ಸ್ ಎದುರು ಪಂದ್ಯ ಇದೆಯೋ ಅವನನ್ನ ಎತ್ತಿ ಆಡಿಸೋದು, ಮುಂದಿನ ವಾರ ಬಿಡೋದು. ಹತ್ತು ಜನದ ಲೀಗಲ್ಲಿ ಆರಾಮಾಗಿ ನಡೆಯುತ್ತೆ. ಹದಿನಾಲ್ಕು ಜನದ ಲೀಗಲ್ಲಿ ಕಷ್ಟ.

ಡ್ರಾಫ್ಟ್ ನಡೀತಿರೋವಾಗ ಇದ್ದಕ್ಕಿದ್ದಂಗೆ ಎಲ್ಲರೂ ಕ್ಯೂಬಿ ತಗೋಳೋಕೆ ಶುರು ಮಾಡಿದ್ರೆ?

ಕುರಿ ಮಂದೆ ಎದ್ದಿದೆ ಅಂತ ಅರ್ಥ. ಐದನೇ ರೌಂಡ್ ಸುಮಾರಿಗೆ ಒಬ್ಬ ತಗೋತಾನೆ, ಪಕ್ಕದೋನಿಗೆ ಎದೆ ಢವಢವ, ಅವನೂ ತಗೋತಾನೆ, ಏಳೆಂಟು ಪಿಕ್‌ನಲ್ಲಿ ಐದು ಕ್ಯೂಬಿ ಖಾಲಿ. ನೀವು ಓಡ್ಬೇಡಿ. ಅವರು ಐದು ಜನ ಕ್ಯೂಬಿ ತಗೊಂಡ್ರು ಅಂದ್ರೆ ಐದು ಆರ್‌ಬಿ ರಿಸೀವರ್‌ಗಳನ್ನ ನಿಮಗೆ ಬಿಟ್ಟುಕೊಟ್ರು ಅಂತಾನೂ ಅರ್ಥ, ಅದನ್ನ ಬಾಚ್ಕೊಳ್ಳಿ. ಒಬ್ಬ ಕ್ಯೂಬಿ ಇಟ್ಕೊಂಡಿರೋನು ಬೇಗ ಇನ್ನೊಬ್ಬನ್ನ ತಗೊಳ್ಳಲ್ಲ. ನಿಮ್ಮ ಮುಂದೆ ಪಿಕ್ ಇರೋರೆಲ್ಲರ ಹತ್ರ ಆಗ್ಲೇ ಕ್ಯೂಬಿ ಇದ್ರೆ ಇನ್ನೂ ಎರಡು ರೌಂಡ್ ಕಾದ್ರೂ ನಡೆಯುತ್ತೆ. ಎಡಿಪಿ ಪಟ್ಟಿ, ಅಂದ್ರೆ ಯಾರು ಸರಾಸರಿ ಎಷ್ಟನೇ ಪಿಕ್‌ಗೆ ಹೋಗ್ತಾರೆ ಅನ್ನೋದು, ಪಕ್ಕದಲ್ಲಿ ತೆರೆದಿಟ್ಕೊಳ್ಳಿ, ಆದ್ರೆ ಪಟ್ಟಿಗಿಂತ ಎದುರುಗಡೆ ಟೀಮ್‌ಗಳಲ್ಲಿ ಯಾವ ಸ್ಲಾಟ್ ಖಾಲಿ ಇದೆ ಅನ್ನೋದು ಮುಖ್ಯ.

ಸ್ನೇಕ್ ಡ್ರಾಫ್ಟಲ್ಲಿ ನಂದು ಕೊನೇ ಸ್ಲಾಟ್, 12. ನಾನೇನು ಮಾಡ್ಲಿ?

ಸ್ನೇಕ್ ಅಂದ್ರೆ ರೌಂಡಿಂದ ರೌಂಡಿಗೆ ಸರದಿ ಉಲ್ಟಾ ಆಗುತ್ತೆ, ಹಾಗಾಗಿ ನಿಮಗೆ 12 ಮತ್ತು 13 ಎರಡೂ ಬೆನ್ನು ಬೆನ್ನಿಗೆ, ಆಮೇಲೆ 36, 37. ಮಧ್ಯೆ 22 ಜನ ಹೋಗ್ತಾರೆ, ಅಂದ್ರೆ ನಿಮ್ಮ ಸರದಿ ಬರೋ ಹೊತ್ತಿಗೆ ಆರ್‌ಬಿಗಳ ಮೊದಲ ಎರಡು ದರ್ಜೆ ಖಾಲಿ. ಹಾಗಾಗಿ ಮೊದಲ ಜೋಡಿಯಲ್ಲಿ ಒಬ್ಬ ಆರ್‌ಬಿ ಇರ್ಲೇಬೇಕು ಅನ್ನೋದು ನನ್ನ ಹಠ. ಓಡೋ ಕ್ಯೂಬಿ ಬೇಕೇ ಬೇಕು ಅಂದ್ರೆ 36, 37ರಲ್ಲಿ ತಗೊಳ್ಳಿ, ಅದು ಮೂರರ ಕೊನೆ ನಾಲ್ಕರ ಮೊದಲು, ನಾನು ಹೇಳಿದ ಜಾಗಕ್ಕೇ ಬಂತು.

ಹರಾಜಿನ ಲೀಗು?

ಅಲ್ಲಿ ಸಾಮಾನ್ಯವಾಗಿ 200 ಡಾಲರ್ ಬಜೆಟ್, ನಕಲಿ ದುಡ್ಡು. ಕ್ಯೂಬಿ ಮೇಲೆ ಕಮ್ಮಿ ಸುರೀರಿ. ಶುರುವಲ್ಲೇ ದೊಡ್ಡ ಕ್ಯೂಬಿ ಹೆಸರು ಕೂಗಿ ಬೇರೆಯೋರ ಜೇಬು ಖಾಲಿ ಮಾಡಿಸೋದು ಹಳೇ ಉಪಾಯ, ಈಗಲೂ ಕೆಲಸ ಮಾಡುತ್ತೆ.

ಈ ಕ್ಯೂಬಿ ಆರ್‌ಬಿ ಜಗಳ ಯಾವಾಗಿಂದ ಇದೆ?

ಮೊದಲ ದಿನದಿಂದ, ಉತ್ಪ್ರೇಕ್ಷೆ ಅಲ್ಲ. ಓಕ್ಲೆಂಡ್ ರೈಡರ್ಸ್ ಟೀಮಲ್ಲಿ ಸಣ್ಣ ಪಾಲು ಇದ್ದ ಬಿಲ್ ವಿಂಕೆನ್‌ಬಾಕ್ ಅನ್ನೋರು 1962ರಲ್ಲಿ ಟೀಮ್ ಜೊತೆ ನ್ಯೂಯಾರ್ಕ್ ಕಡೆ ಹೋದಾಗ ಹೋಟೆಲಲ್ಲಿ ಕೂತು ಈ ಆಟದ ನಿಯಮ ಬರೆದ್ರು, 1963ರಲ್ಲಿ ಓಕ್ಲೆಂಡ್‌ನ ಅವರ ಮನೇಲೇ ಮೊದಲ ಡ್ರಾಫ್ಟ್ ನಡೀತು. ಮೊಟ್ಟಮೊದಲ ಪಿಕ್ ಯಾರು ಗೊತ್ತಾ? ಹ್ಯೂಸ್ಟನ್‌ನ ಜಾರ್ಜ್ ಬ್ಲಾಂಡಾ, ಕ್ಯೂಬಿ. ಜಿಮ್ ಬ್ರೌನ್ ಅನ್ನೋ ಆರ್‌ಬಿ ಇನ್ನೂ ಖಾಲಿ ಇದ್ದ! ಬ್ಲಾಂಡಾ ಕಿಕ್ಕೂ ಹೊಡೀತಿದ್ದ, ಹಾಗಾಗಿ ಆ ಮನುಷ್ಯನ ತಲೇಲಿ ಒಂದು ಲೆಕ್ಕ ಇದ್ದಿರ್ಬೇಕು ಬಿಡಿ. ಆ ವರ್ಷ ಬ್ಲಾಂಡಾ 24 ಟಚ್‌ಡೌನ್ ಎಸೆದ, 25 ಇಂಟರ್‌ಸೆಪ್ಷನ್ ಕೊಟ್ಟ. ಜಿಮ್ ಬ್ರೌನ್ 1863 ಯಾರ್ಡ್ ಓಡಿದ. ನನ್ನ 15ನೇ ಪಿಕ್ ನೆನಪಾದಾಗೆಲ್ಲ ಬ್ಲಾಂಡಾ ತಗೊಂಡ ಆ ಪುಣ್ಯಾತ್ಮನ್ನ ನೆನಪಿಸ್ಕೊಂಡು ಸಮಾಧಾನ ಮಾಡ್ಕೊಳ್ತೀನಿ.

ಎರಡನೇ ಕ್ಯೂಬಿ ಬೆಂಚಲ್ಲಿ ಬೇಕಾ?

ಒಬ್ಬನೇ ಕ್ಯೂಬಿ ಆಡೋ ಲೀಗಲ್ಲಿ ಬೇಡ. ಬೈ ವಾರಕ್ಕೆ ಆಗ ನೋಡ್ಕೊಂಡ್ರಾಯ್ತು, ಆ ಜಾಗದಲ್ಲಿ ಇನ್ನೊಬ್ಬ ಆರ್‌ಬಿ ಇಡಿ.

ಕಿಕ್ಕರ್ (ಚೆಂಡು ಒದೆಯೋನು), ಡಿಫೆನ್ಸ್ (ಒಂದು ಟೀಮಿನ ಇಡೀ ರಕ್ಷಣಾ ಪಡೆ) ಯಾವಾಗ?

ಕೊನೇ ಎರಡು ರೌಂಡ್. ಅದಕ್ಕಿಂತ ಮುಂಚೆ ತಗೊಂಡ್ರೆ ಚಾಟಲ್ಲಿ "ಗುಡ್ ಪಿಕ್" ಅಂತಾರೆ.

ಡ್ರಾಫ್ಟ್ ಟೈಮಲ್ಲಿ ನಂಗೆ ಮೀಟಿಂಗ್ ಇದೆ, ಆಟೋಪಿಕ್‌ಗೆ ಬಿಟ್ರೆ ಆಗುತ್ತಾ?

ಬಿಡೋದೇ ಆದ್ರೆ ಹಿಂದಿನ ರಾತ್ರಿ ನಿಮ್ಮದೇ ರ‍್ಯಾಂಕಿಂಗ್ ಜೋಡಿಸಿಡಿ, ಮೊದಲ ಮೂವತ್ತರಲ್ಲಿ ಇರೋ ಕ್ಯೂಬಿಗಳನ್ನೆಲ್ಲ ಎಳೆದು ಕೆಳಗೆ ಹಾಕಿ, ಅಷ್ಟು ಮಾಡಿದ್ರೆ ಮೆಷಿನ್ನು ನನ್ನ 2019ಕ್ಕಿಂತ ಚೆನ್ನಾಗೇ ಆಡುತ್ತೆ. ಹಬ್ಬದ ದಿನ ಬಂದ್ರೆ ಕಡುಬು ಕರಿಯೋ ಡ್ಯೂಟಿ ಬೇರೆ ಯಾರಿಗಾದ್ರೂ ದಾಟಿಸಿ, ಇಲ್ಲಾ ಡ್ರಾಫ್ಟ್‌ಗೆ ಒಂದು ಗಂಟೆ ಮುಂಚೇನೇ ಮುಗಿಸ್ಕೊಂಡು ಕೈ ತೊಳ್ಕೊಳ್ಳಿ. ಆ ಮೌಸ್ ಕೊನೆಗೂ ಸರಿ ಹೋಗಲೇ ಇಲ್ಲ.